ಒಳಮಡಿಕೆ

ಕೌಲ್‌ಬಜಾರಿನ ಮೂರನೇ ಗಲ್ಲಿಯಲ್ಲಿ
ಚರಂಡಿ ನೀಲಿಯಾಗಿ ಹರಿಯುತ್ತದೆ.
ಜೀನ್ಸ್ ತೊಳೆದ ನೀರು. ಮೊದಲ ಸಲ ನೋಡಿದವರು
ಆಕಾಶ ಅನ್ನುತ್ತಾರೆ, ಎರಡನೇ ಸಲ ಮೂಗು ಮುಚ್ಚುತ್ತಾರೆ.

ನನ್ನ ಕಂಕುಳಲ್ಲಿ ಎರ್ರಿಸ್ವಾಮಿಯ ಜೀನ್ಸು.
ಐವತ್ತೆಂಟಕ್ಕೆ ಹಾಕಲು ಶುರುಮಾಡಿದ, ಕಾಲೇಜೆಲ್ಲ ನಕ್ಕಿತ್ತು.
ಹೋಗಿ ತಿಂಗಳ ಮೇಲಾಯಿತು. ಸುಂಕಮ್ಮ ಕೊಟ್ಟಳು:
'ನಿಮಗ ಉದ್ದ ಆಗತೈತಿ, ಕಡಿಮಿ ಮಾಡಿಸ್ಕೊಳ್ರಿ.'
ಉದ್ದವೇ. ಅವನೂ ಉದ್ದ, ಅವನ ಸಾಲುಗಳೂ ಉದ್ದ.

ಮೂವತ್ತೊಂದು ವರ್ಷ ಒಂದೇ ಸ್ಟಾಫ್ ರೂಮು, ಒಂದೇ ಮೇಜು,
ಅದರಾಚೆ ಕನ್ನಡ, ಈಚೆ ತತ್ವಶಾಸ್ತ್ರ.
ಪ್ರತಿ ಜುಲೈ ನನ್ನ ಪಾಠ ಶುರುವಾಗುತ್ತಿದ್ದದ್ದು
ಘಟ, ಪಟ.
ನೂಲು ಕಾರಣ, ಬಟ್ಟೆ ಕಾರ್ಯ.
ಬಟ್ಟೆ ನೂಲಿನೊಳಗೆ ಮೊದಲೇ ಇತ್ತೋ, ಹೊಸದಾಗಿ ಹುಟ್ಟಿತೋ?
ಒಂದು ಎಳೆ ಕಿತ್ತರೆ ಉಳಿದದ್ದು ಅದೇ ಬಟ್ಟೆಯೋ, ಬೇರೆಯೋ?
ಒಂಬತ್ತು ಹುಡುಗರು, ಆಮೇಲೆ ನಾಲ್ಕು, ಕೊನೆಯ ವರ್ಷ
ಶ್ರೀಧರಗಡ್ಡೆಯಿಂದ ಬರುತ್ತಿದ್ದ ಒಬ್ಬಳೇ ಹುಡುಗಿ.

ಎರ್ರಿಸ್ವಾಮಿ ಆಚೆಯಿಂದ ಕೆಣಕುತ್ತಿದ್ದ:
'ಯಾರ ಬಟ್ಟಿನಪ್ಪ ಅದು? ಹರಿದಿದ್ದು ಎಲ್ಲಿ?
ಇಷ್ಟು ವರ್ಷ ಒಂದು ಬಟ್ಟಿ ಹಿಡಕೊಂಡು ನಿಂತೀ,
ಒಬ್ಬರಿಗೂ ಉಡಿಸಲಿಲ್ಲ.'
'ನೀನು ಉಡಿಸ್ತೀ, ಅಳತಿ ತಗೊಳ್ಳೋದಿಲ್ಲ.
ನಿನ್ನ ಪದ್ಯದಾಗ ಕೋಟೆ ಗುಡ್ಡ ಅಳತೈತಿ.
ಗುಡ್ಡಕ್ಕ ಅಳೋದು ಬರತೈತಿ ಅಂತ ಹ್ಯಾಂಗ ತಿಳೀತು ನಿನಗ?'
'ಮೇ ತಿಂಗಳು, ಮಧ್ಯಾಹ್ನ ಮೂರಕ್ಕ,
ಆ ಬಂಡಿ ಮ್ಯಾಲ ಕೈ ಇಡು. ಆಮ್ಯಾಲ ಕೇಳು.'

ಇಟ್ಟೆ, ಒಂದು ದಿನ, ಯಾರಿಗೂ ಹೇಳದೆ.
ಅಂಗೈ ಸುಟ್ಟಿತು. ಅದು ಅಳುವಿಗೆ ಪ್ರಮಾಣವಲ್ಲ.
ಎರಡನ್ನೂ ಅವನಿಗೆ ಹೇಳಲಿಲ್ಲ.

ಶೇಕ್ಷಾವಲಿ ಮಿಷಿನ್ನು ನಿಲ್ಲಿಸದೆ ಕೈ ಚಾಚಿದ.
ಒಳಗು ಹೊರಗು ತಿರುವಿ
'ಯಾರ್ದು ಸಾರ್ ಇದು? ನಿಮ್ದಲ್ಲ' ಅಂದ.
ಮೊದಲ ಪ್ರಶ್ನೆಯೇ ಎರ್ರಿಸ್ವಾಮಿಯದು.
ಹೇಳಿದೆ. ಪೆಡಲಿನಿಂದ ಕಾಲು ಎತ್ತಿದ, ಒಂದು ಉಸಿರಿನಷ್ಟು.
ಆಮೇಲೆ ಸುಣ್ಣದ ಗೆರೆ: 'ನಾಲ್ಕು ಬೆರಳು ತೆಗೀಬೇಕು.'

ಸರದಿ ಕಾಯುತ್ತ ನೋಡಿದೆ.
ಮೇಲಿನ ದಾರ ಸೂಜಿಯ ಕಣ್ಣಲ್ಲಿ ಕುಣಿಯುತ್ತದೆ, ಎಲ್ಲರೆದುರು.
ಕೆಳಗಿನದು ತಗಡಿನ ಮುಚ್ಚಳದಡಿ, ಬಾಬಿನ್ನಿನಲ್ಲಿ.
ಎರಡೂ ಕೂಡುವುದು ಬಟ್ಟೆಯ ದಪ್ಪದೊಳಗೆ,
ಅತ್ತಲಿಂದಲೂ ಕಾಣದು, ಇತ್ತಲಿಂದಲೂ ಕಾಣದು.

'ಕೆಳಗಿಂದು ಮುಗಿದ್ರೆ?'
'ಗೊತ್ತೇ ಆಗಲ್ಲ ಸಾರ್. ಸೂಜಿ ಹಂಗೇ ಕುಣೀತಿರ್ತೈತಿ,
ಶಬ್ದಾನೂ ಅದೇ. ಬಟ್ಟಿ ಎತ್ತಿದ್ರೆ ಬರೇ ತೂತು.'
'ಮೇಲಿಂದು ಕಡಿದ್ರೆ?'
'ಕೆಳಗಿಂದು ತನ್ನ ಡಬ್ಬ್ಯಾಗ ಕುಂತಿರ್ತೈತಿ,
ಭಾಳ ನೀಟಾಗಿ ಸುತ್ಕೊಂಡು.'

ನಗು ಬಂತು. ಅದನ್ನು ಒಯ್ದು ಮೇಜಿನಾಚೆ ಕೊಡಬೇಕಿತ್ತು.
ಮೇಜನ್ನೂ ಗುಜರಿಗೆ ಹಾಕಿದರಂತೆ.
ಇಬ್ಬರಲ್ಲಿ ಮೇಲಿನ ದಾರ ಯಾರು?
ಕುಣಿದವನು ಅವನು ಅಂದುಕೊಂಡಿದ್ದೆ. ಆದರೆ
ಬೋರ್ಡಿನ ಮುಂದೆ ಕೂಗಿದ್ದು ನಾನು;
ಅವನು ಬರೆಯುತ್ತಿದ್ದುದು ಹಾಜರಿ ಪುಸ್ತಕದ ಬೆನ್ನಿಗೆ,
ಎಡಗೈ ಅಡ್ಡ ಹಿಡಿದು.

ಶೇಕ್ಷಾವಲಿ ಅಂಚಿನ ಹಳೆ ಹೊಲಿಗೆ ಬಿಚ್ಚಿದ. ಒಳಗಿಂದ ಉದುರಿತು
ಅದಿರಿನ ಕೆಂಪು ಧೂಳು, ಒಂದು ಮಂಡಕ್ಕಿ.
ಕತ್ತರಿ ಎತ್ತಿದ.

'ಕತ್ತರಿಸಬ್ಯಾಡ. ಒಳಗ ಮಡಚು.'
'ದಪ್ಪ ಆಗತೈತಿ. ನಡಿವಾಗ ಕಾಲಿಗೆ ಬಡೀತೈತಿ.'
'ಬಡೀಲಿ.'
'ಸೂಜಿ ಮುರೀತೈತಿ ಸಾರ್.'
ಮುರಿಯಿತು. ಹತ್ತು ರೂಪಾಯಿ ಹೆಚ್ಚು ತಗೊಂಡ.

ಇದು ಅದೇ ಬಟ್ಟೆಯೋ, ಬೇರೆಯೋ?
ಎಳೆ ಒಂದೂ ಹೋಗಿಲ್ಲ. ಆದರೆ ಅವನಿಗಿದು ಆಗುವುದಿಲ್ಲ.
ನನ್ನ ನೋಟ್ಸಿನಲ್ಲಿ ಇದಕ್ಕೆ ಉತ್ತರ ಬರೆದುಕೊಂಡಿಲ್ಲ.

ಮರುದಿನ ತೊಟ್ಟು ಮೋತಿ ಸರ್ಕಲ್ ತನಕ ನಡೆದೆ.
ಎಣ್ಣೆಗೆ ಬಿದ್ದ ಮಿರ್ಚಿಯ ಸದ್ದು. ಬಿಸಿಲಲ್ಲಿ ಗುಡ್ಡ.
ಅತ್ತ ಒಮ್ಮೆ ನೋಡಿದೆ,
ಅಳುತ್ತಿತ್ತು ಎಂದು ಹೇಳುತ್ತಿಲ್ಲ.
ಎಡ ಹರಡಿಗೆ ಒಂದು, ಬಲ ಹರಡಿಗೆ ಒಂದು
ಬಡಿಯುತ್ತಿತ್ತು, ಅಷ್ಟೇ.